ಹಗಲುಗಾಜಿನಲ್ಲಿ ಅರುಂಧತಿ

ನಮ್ಮ ಅಣ್ಣ ನಲವತ್ತನಾಲ್ಕು ವರ್ಷ ಊರವರಿಗೆಲ್ಲ ಮದುವೆ ಮಾಡಿಸಿದವರು. ಅಣ್ಣ ಎಂದರೆ ಅಪ್ಪ. ನಮ್ಮ ಮನೆಯಲ್ಲಿ ಅಪ್ಪನನ್ನು ಕರೆಯುವುದೇ ಹಾಗೆ. ನಂಜನಗೂಡಿನ ಸುತ್ತಮುತ್ತ ನಂಜುಂಡ ಜೋಯಿಸರು ಎಂದರೆ ಜನಕ್ಕೆ ಗೌರವ, ವೀಡಿಯೊದವರಿಗೆ ಭಯ. 'ಇನ್ನೊಂದ್ಸಲ ತಾಳಿ ಕಟ್ಟಿ ಸಾರ್, ಫೋಕಸ್ ಆಗಿಲ್ಲ' ಎಂದ ಒಬ್ಬನಿಗೆ ಕೈಯಲ್ಲಿದ್ದ ಮಂತ್ರಾಕ್ಷತೆಯನ್ನು ಎರಚಿ, 'ನಿನಗೂ ಮದುವೆಯಾಯ್ತು, ನಡಿ ಆಚೆ' ಎಂದು ಕಳಿಸಿದ್ದರಂತೆ.

ಅವರ ಮದುವೆಗಳಲ್ಲಿ ಜನ ಕಾಯುತ್ತಿದ್ದದ್ದು ಕೊನೆಯ ಒಂದು ಮಾತಿಗೆ. ಸಪ್ತಪದಿ ಮುಗಿದ ಮೇಲೆ ಹುಡುಗ ಹುಡುಗಿಯನ್ನು ಬಯಲಿಗೆ ಕರೆತಂದು ಅರುಂಧತಿ ನಕ್ಷತ್ರ ತೋರಿಸುವುದು ಪದ್ಧತಿ. ಸಪ್ತರ್ಷಿಗಳ ಸಾಲಿನಲ್ಲಿ ಬಾಲದ ಕಡೆಯಿಂದ ಎರಡನೆಯದು ವಸಿಷ್ಠ, ಅದಕ್ಕೆ ಆತುಕೊಂಡಂತಿರುವ ಸಣ್ಣ ಚುಕ್ಕೆ ಅರುಂಧತಿ. ಒಬ್ಬರನ್ನೊಬ್ಬರು ಬಿಡದ ಜೋಡಿ. ಹಿಂದೆಲ್ಲ ಸಂಜೆಯವರೆಗೆ ಕಾದು ತೋರಿಸುತ್ತಿದ್ದರಂತೆ. ಈಗ ಮದುವೆ ಬೆಳಿಗ್ಗೆ ಹತ್ತೂವರೆಗೆ, ಛತ್ರ ಖಾಲಿ ಮಾಡುವುದು ನಾಲ್ಕಕ್ಕೆ, ಯಾರು ಕಾಯುತ್ತಾರೆ? ಎಲ್ಲ ಪುರೋಹಿತರೂ ಹಾಡಹಗಲಲ್ಲಿ ಆಕಾಶಕ್ಕೆ ಬೆರಳು ತೋರಿಸುತ್ತಾರೆ, ಹುಡುಗ ಹುಡುಗಿ 'ಕಂಡಿತು' ಎನ್ನುತ್ತಾರೆ, ಎಲ್ಲರೂ ನಗುತ್ತಾರೆ. ಅಣ್ಣ ಮಾತ್ರ ನಗುತ್ತಿರಲಿಲ್ಲ. ಉತ್ತರಕ್ಕೆ ತಿರುಗಿ, ಆಕಾಶದ ಅರ್ಧ ಎತ್ತರಕ್ಕೆ ಕೈ ಚಾಚಿ ಹೇಳುತ್ತಿದ್ದರು:

"ಹಗಲಾಗಿದೆ, ಕಾಣಲ್ಲ. ಕಾಣದಿದ್ರೂ ಅವಳು ಅಲ್ಲೇ ಇದ್ದಾಳೆ. ಸಂಸಾರದಲ್ಲೂ ಎಷ್ಟೋ ದಿನ ಹೀಗೇ ಆಗುತ್ತೆ. ಆ ದಿನ ಇದನ್ನ ನೆನೆಸಿಕೊಳ್ಳಿ. ಈಗ ಕಂಡಿತು ಅನ್ನಿ."

ಹುಡುಗಿಯ ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದದ್ದು ಆಗಲೇ. ನಾನು ಚಿಕ್ಕವಳಿದ್ದಾಗ ಅಣ್ಣನ ಜೊತೆ ಎಷ್ಟೋ ಮದುವೆಗೆ ಹೋಗಿ, ಹೋಳಿಗೆ ತಿಂದು, ಆ ಮಾತು ಕೇಳಿಸಿಕೊಂಡು ಬಂದಿದ್ದೇನೆ. ಅದನ್ನು ಸುಳ್ಳು ಮಾಡಿದವಳೂ ನಾನೇ.

ಮೈಸೂರಿನ ಹೊರವಲಯದ ಒಂದು ಕಂಪನಿಯ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಹಗಲಲ್ಲೇ ನಕ್ಷತ್ರ ಕಂಡರೆ ಹೇಗೆ ಎಂಬ ಒಂದೇ ಹುಚ್ಚಿನ ಹಿಂದೆ ನಾನೂ ನನ್ನ ಜೊತೆಗಾತಿ ನುಸ್ರತ್ ಕೂಡಾ ಒಂಬತ್ತು ವರ್ಷ ಬಿದ್ದಿದ್ದೆವು. ಹಗಲಿನಲ್ಲಿ ನಕ್ಷತ್ರಗಳೇನೂ ಆರಿಹೋಗುವುದಿಲ್ಲ. ಬಿಸಿಲನ್ನು ಗಾಳಿ ಚೆಲ್ಲಾಡುವುದರಿಂದ ಆಕಾಶವೇ ಬೆಳಗುತ್ತದೆ, ಅದರಲ್ಲಿ ಅವು ಮುಳುಗಿರುತ್ತವೆ. ಆದರೆ ಕೆಂಪನ್ನೂ ದಾಟಿದ, ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ ನೋಡಿದರೆ ಹಗಲಿನ ಆಕಾಶ ಸಾಕಷ್ಟು ಕಪ್ಪು. ನಮ್ಮ ಗಾಜು ಆ ಬೆಳಕಿನಲ್ಲಿ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ಮದುವೆಮನೆ ಗಲಾಟೆಯಲ್ಲೂ ತಾಯಿಗೆ ತನ್ನ ಮಗುವಿನ ಅಳು ಗೊತ್ತಾಗುತ್ತದಲ್ಲ, ಅದೇ ಮೂಲೆಯಿಂದ ಅದೇ ದನಿ ಮತ್ತೆ ಮತ್ತೆ ಬರುವುದರಿಂದ? ಹಾಗೆ. ಅಂಗೈಯಗಲದ ಚೌಕದಲ್ಲಿ ಮಟಮಟ ಮಧ್ಯಾಹ್ನ ನಕ್ಷತ್ರ ಮೂಡುತ್ತದೆ. ಹೆಸರು ಹಗಲುಗಾಜು.

ಫೋನಿನಲ್ಲಿ ಆಕಾಶದ ನಕ್ಷೆ ತೋರಿಸುವ ಆಟಿಕೆಗಳು ಬಂದು ಎಷ್ಟೋ ಕಾಲವಾಗಿದೆ. ನಮ್ಮದು ಅದಲ್ಲ. ಅದರ ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ನಾನೇ ಬರೆದಿಟ್ಟಿದ್ದೆ: ಬಂದ ಬೆಳಕನ್ನು ಮಾತ್ರ ತೋರಿಸತಕ್ಕದ್ದು. ನುಸ್ರತ್ ಅದನ್ನು ಓದಿ, "ಏನಮ್ಮಾ, ಶಾಸನ ಕೆತ್ತಿಸ್ತಿದ್ದೀಯಾ?" ಎಂದಿದ್ದಳು. ಅವಳ ಅಜ್ಜ ವಿಜಯಪುರದಲ್ಲಿ ಅರಬ್ಬಿ ಪಾಠ ಹೇಳುತ್ತಿದ್ದವರು. ಅರುಂಧತಿಗೆ ಅರಬ್ಬಿಯಲ್ಲಿ ಸುಹಾ ಎನ್ನುತ್ತಾರೆ, ಮರೆತುಹೋದದ್ದು ಎಂದರ್ಥ ಎಂದು ಅವಳು ಹೇಳಿದಾಗ, ನಮ್ಮಲ್ಲಿ ಪತಿವ್ರತೆ, ನಿಮ್ಮಲ್ಲಿ ಮರೆವು, ಒಂದೇ ಹೆಂಗಸಿಗೆ ಎಷ್ಟು ಅವತಾರ ಎಂದು ಇಬ್ಬರೂ ನಕ್ಕಿದ್ದೆವು. ದೂರದರ್ಶಕದಲ್ಲಿ ನೋಡಿದರೆ ವಸಿಷ್ಠನೇ ಎರಡು ನಕ್ಷತ್ರ. ಇನ್ನೂ ಬಗೆದರೆ ಅರುಂಧತಿಯೂ ಸೇರಿ ಒಟ್ಟು ಆರು. ಅದನ್ನು ಅಣ್ಣನಿಗೆ ಹೇಳಿದಾಗ ಅವರು "ಅವಿಭಕ್ತ ಕುಟುಂಬ ಅನ್ನು" ಎಂದಿದ್ದರು.

ಹಗಲುಗಾಜು ಮಾರುಕಟ್ಟೆಗೆ ಬಂದ ವೈಶಾಖದಲ್ಲಿ ಮೊದಲ ಗಾಜನ್ನು ಅಣ್ಣನ ಕೈಗೆ ಕೊಟ್ಟೆ. ಅವರು ಅದನ್ನು ಪಂಚೆಯ ಅಂಚಿನಿಂದ ಒರೆಸಿ, ಪಂಚಾಂಗದ ಜೊತೆ ಜೋಳಿಗೆಯಲ್ಲಿ ಇಟ್ಟುಕೊಂಡು, ಮೈಸೂರಿನ ಒಂದು ಮದುವೆಗೆ ನನ್ನನ್ನೂ ಹೊರಡಿಸಿದರು. ಹುಡುಗಿ ಪ್ರೇರಣಾ ಎಂದು, ಹಲ್ಲಿನ ಡಾಕ್ಟರು. ಸಪ್ತಪದಿಯಾಯಿತು, ಎಲ್ಲರೂ ಬಯಲಿಗೆ ಬಂದರು. ಅಣ್ಣ ಉತ್ತರಕ್ಕೆ ಕೈ ಚಾಚಿದರು. ತಮ್ಮ ಮಾತು ಹೇಳಿದರು. ಆಮೇಲೆ, "ಇಷ್ಟು ವರ್ಷ ಬಾಯಲ್ಲಿ ಹೇಳ್ತಿದ್ದೆ. ಇವತ್ತು ನನ್ನ ಮಗಳು ಮಾಡಿರೋ ಗಾಜಲ್ಲಿ ನೋಡೇ ಹೇಳಮ್ಮ" ಎಂದು ಗಾಜನ್ನು ಅವಳ ಕೈಗೆ ಕೊಟ್ಟರು. ಅವರ ದನಿಯಲ್ಲಿದ್ದ ಜಂಬ ನನಗೆ ಇವತ್ತಿಗೂ ಕೇಳಿಸುತ್ತದೆ.

ಹುಡುಗಿ ನೋಡಿದಳು. ಇನ್ನೂ ನೋಡಿದಳು. ಹಲ್ಲು ಕೀಳುವವರಿಗೆ ಸುಳ್ಳು ಸಮಾಧಾನ ಬರುವುದಿಲ್ಲವೋ ಏನೋ.

"ಇಲ್ಲ" ಎಂದಳು. "ಡೊಂಕಾಗಿ ಐದು ನಕ್ಷತ್ರ ಇವೆ. ಏಳಿನ ಸಾಲು ಇಲ್ಲವೇ ಇಲ್ಲ."

ಅಣ್ಣ ಗಾಜನ್ನು ತೆಗೆದುಕೊಂಡು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮೋಡವಿರಬೇಕು ಎಂದರು. ಒಂದು ಚೂರೂ ಮೋಡವಿರಲಿಲ್ಲ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ಅಕ್ಷಾಂಶದಲ್ಲಿ ಸಪ್ತರ್ಷಿಗಳು ಹುಟ್ಟಿ ಮುಳುಗುತ್ತಾರೆ. ವೈಶಾಖದ ಬೆಳಿಗ್ಗೆ ಹತ್ತೂವರೆಗೆ ಅವರು ಉತ್ತರ ದಿಗಂತಕ್ಕಿಂತ ಇಪ್ಪತ್ತಮೂರು ಡಿಗ್ರಿ ಕೆಳಗೆ, ಭೂಮಿಯ ಮರೆಯಲ್ಲಿರುತ್ತಾರೆ. ಕಾರ್ತೀಕದ ಮದುವೆಯಾದರೆ ಅಣ್ಣ ತೋರಿಸುವ ಜಾಗದಲ್ಲೇ ಇರುತ್ತಿದ್ದರು. ಇದು ಲೆಕ್ಕ ಹಾಕಲು ನನಗೆ ಒಂದು ನಿಮಿಷ ಸಾಕಿತ್ತು, ಆ ಒಂದು ನಿಮಿಷ ಒಂಬತ್ತು ವರ್ಷದಲ್ಲಿ ನನಗೆ ಹೊಳೆಯಲಿಲ್ಲ. ಯಾಕೆಂದರೆ ಅವಳು ಅಲ್ಲೇ ಇದ್ದಾಳೆ ಎಂದು ಹೇಳಿದ್ದವರು ಅಣ್ಣ. ಆಕಾಶದ ಎಲ್ಲ ಮೂಲೆಯನ್ನೂ ಅಳೆದ ನಾನು ಆ ಒಂದು ಮೂಲೆಯನ್ನು ಅಪ್ಪನ ಮಾತಿಗೆ ಬಿಟ್ಟುಬಿಟ್ಟಿದ್ದೆ.

'ಅರುಂಧತಿಗೆ ರಜೆ' ಎಂಬ ಹೆಸರಿನಲ್ಲಿ ಆ ವೀಡಿಯೊ ಎರಡು ದಿನದಲ್ಲಿ ರಾಜ್ಯವೆಲ್ಲ ಸುತ್ತಿತು. ಮಂತ್ರಾಕ್ಷತೆ ತಿಂದ ಆ ವೀಡಿಯೊದವನೇ ಮಾಡಿದ್ದೋ ಏನೋ, ಗೊತ್ತಿಲ್ಲ. ಮನೆಗೆ ಫೋನು ಬರತೊಡಗಿತು. ಗುಂಡ್ಲುಪೇಟೆಯ ಒಬ್ಬರು, "ಜೋಯಿಸರೇ, ಹದಿನೈದು ವರ್ಷದಿಂದ ದಿನಾ ಜಗಳ. ನಮ್ಮ ಮದುವೇಲಿ ಅವಳು ಇದ್ಳಾ ಇಲ್ವಾ, ಸ್ವಲ್ಪ ನೋಡಿ ಹೇಳಿ" ಎಂದರು. ಅಣ್ಣ ನಕ್ಕು ಸುಧಾರಿಸಿದರು. ಇನ್ನೊಬ್ಬಳು ಹೆಣ್ಣುಮಗಳು ಅಳುತ್ತಾ ಕೇಳಿದಳಂತೆ: "ಗಂಡ ಬಿಟ್ಟುಹೋಗಿ ಮೂರು ವರ್ಷ ಆಯ್ತು. ಕೆಟ್ಟ ದಿನ ಬಂದಾಗೆಲ್ಲ ನಿಮ್ಮ ಮಾತು ನೆನೆಸಿಕೊಳ್ತಿದ್ದೆ. ಅದೂ ಸುಮ್ಮನೆ ಹೇಳಿದ್ದಾ?" ಅಣ್ಣ ಫೋನು ಇಟ್ಟರು. ಆಮೇಲೆ ಅದನ್ನು ಎತ್ತಲಿಲ್ಲ. ಒಪ್ಪಿಕೊಂಡಿದ್ದ ಮದುವೆಗಳನ್ನೆಲ್ಲ ಬೇರೆಯವರಿಗೆ ವಹಿಸಿಬಿಟ್ಟರು.

ನಮ್ಮ ಕಂಪನಿಯಲ್ಲೂ ಕಂಗಾಲಾದರು. ಮದುವೆಮನೆಗಳಲ್ಲಿ ಹಗಲುಗಾಜಿಗೆ ಪ್ರವೇಶವಿಲ್ಲ ಎಂದು ಛತ್ರದವರು ಬೋರ್ಡು ಹಾಕತೊಡಗಿದ್ದರು. ಸಭೆಯಲ್ಲಿ ಮಾರಾಟದವರು ಒಂದು ಉಪಾಯ ತಂದರು: ಶುಭ ಮೋಡ್. ಆ ಗುಂಡಿ ಒತ್ತಿದರೆ ಯಾವ ಹೊತ್ತಿನಲ್ಲಾದರೂ ಉತ್ತರದಲ್ಲಿ ಸಪ್ತರ್ಷಿಗಳು ಕಾಣಬೇಕು.

"ಅದು ಗಾಜಲ್ಲ, ಕ್ಯಾಲೆಂಡರ್ ಚಿತ್ರ" ಎಂದೆ ನಾನು.

"ಜನಕ್ಕೆ ಸಂತೋಷ ಆಗುತ್ತೆ ಮೇಡಂ."

"ಸಂತೋಷಕ್ಕೆ ಲಡ್ಡು ಹಂಚಿ. ನನ್ನ ಗಾಜನ್ನ ಮುಟ್ಟಬೇಡಿ."

ನುಸ್ರತ್ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆದರೂ ಅವಳು ನನ್ನ ಪರವಾಗಿಯೇ ನಿಂತಳು, ಆ ಉಪಾಯ ಬಿದ್ದುಹೋಯಿತು. ನಾನು ಗೆದ್ದ ಹೆಮ್ಮೆಯಲ್ಲಿ ಮನೆಗೆ ಬಂದರೆ, ಅಣ್ಣ ಹಜಾರದಲ್ಲಿ ಗೋಡೆಗೆ ಒರಗಿ ಲಗ್ನದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಲಗ್ನದ ಪುಸ್ತಕವೆಂದರೆ ಅವರು ಮಾಡಿಸಿದ ಎಲ್ಲ ಮದುವೆಗಳ ಪಟ್ಟಿ. ಹುಡುಗ, ಹುಡುಗಿ, ತಿಥಿ, ಗಳಿಗೆ, ಊರು. ಮೊದಲ ಪುಟದಲ್ಲಿ ಮಾತ್ರ ನಮ್ಮ ತಾತನ ಕೈಬರಹ. ಅಲ್ಲಿರುವುದು ಅಣ್ಣ ಮತ್ತು ಅಮ್ಮನ ಮದುವೆ.

"ಶಾಂಭವಿ, ಇದರಲ್ಲಿ ಎಷ್ಟು ಮದುವೇಲಿ ಅವಳು ಇರಲಿಲ್ಲ, ನಿನ್ನ ಕಂಪ್ಯೂಟರಲ್ಲಿ ಹಾಕಿ ಹೇಳ್ತೀಯಾ?"

ನಾನು ಪುಟಗಳ ಫೋಟೊ ತೆಗೆದುಕೊಂಡು ಹೋದೆ. ಲೆಕ್ಕ ಅರ್ಧ ಗಂಟೆಯ ಕೆಲಸ. ಒಟ್ಟು ಸಾವಿರದ ಇನ್ನೂರ ಎಂಬತ್ತಾರು ಮದುವೆ. ಏಳುನೂರ ಎರಡರಲ್ಲಿ ಅರುಂಧತಿ ದಿಗಂತದ ಕೆಳಗೆ. ಆ ಸಂಖ್ಯೆಯನ್ನು ಹೊತ್ತುಕೊಂಡು ಅಣ್ಣನ ಮುಂದೆ ನಿಲ್ಲುವ ಧೈರ್ಯ ನನಗೆ ಬರಲಿಲ್ಲ. ಕಂಪ್ಯೂಟರ್ ಕೆಟ್ಟಿದೆ, ತುಂಬ ಕೆಲಸವಿದೆ ಎಂದು ತಿಂಗಳುಗಟ್ಟಲೆ ತಳ್ಳಿದೆ. ಅಣ್ಣ ಎರಡನೇ ಸಲ ಕೇಳಲಿಲ್ಲ.

ಪುಷ್ಯ ಮಾಸದ ಒಂದು ಭಾನುವಾರ ಅಮ್ಮ ಹಜಾರದಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಮ್ಮಮ್ಮ ಕಾತ್ಯಾಯಿನಿಗೆ ಕಣ್ಣಿನ ನರ ಸೋತು ಆರು ವರ್ಷವಾಗಿತ್ತು. ಹತ್ತಿರದ್ದು ತಕ್ಕಮಟ್ಟಿಗೆ ಕಾಣುತ್ತಿತ್ತು, ದೂರದ್ದೆಲ್ಲ ಮಸಕು. ಆದರೆ ಅವರೆಕಾಳಿಗೆ ಬೆರಳು ಸಾಕು. ಅಣ್ಣ ಪುಸ್ತಕ ಹಿಡಿದು ಒಳಗಿಂದ ಬಂದರು.

"ಏಳುನೂರ ಎರಡು" ಎಂದರು.

ನಾನು ಕಾಫಿ ಲೋಟ ಕೆಳಗಿಟ್ಟೆ. "ಯಾರು ಹೇಳಿದ್ರು ಅಣ್ಣಾ?"

"ಯಾರು ಹೇಳ್ಬೇಕು? ಚಿತ್ತಾ ನಕ್ಷತ್ರ ಹೇಳ್ತು. ಮಧ್ಯಾಹ್ನ ಮಧ್ಯಾಹ್ನ ನಿನ್ನ ಗಾಜು ಹಿಡಕೊಂಡು ಮಹಡಿ ಮೇಲೆ ಕೂತೆ. ಚಿತ್ತೆ ದಕ್ಷಿಣದಲ್ಲಿ ಪೂರ್ತಿ ಮೇಲೆ ಬಂದಾಗಲೇ ಅರುಂಧತಿ ಉತ್ತರದಲ್ಲಿ ಪೂರ್ತಿ ಮೇಲೆ ಬರ್ತಾಳೆ. ಇಬ್ಬರೂ ಒಂದೇ ಗಳಿಗೆ. ಚಿತ್ತೆ ಎಲ್ಲಿದೆ ಅಂತ ಪಂಚಾಂಗದಿಂದ ಹೇಳೋಕೆ ನನಗೆ ಬರಲ್ವಾ? ಒಂದೊಂದೇ ಹಾಕ್ತಾ ಬಂದೆ. ಇಲ್ಲದ ಕಡೆ ಪೆನ್ಸಿಲಲ್ಲಿ ಗುರುತು ಮಾಡಿದ್ದೀನಿ."

ಪುಸ್ತಕ ತೆಗೆದು ನೋಡಿದೆ. ಒಂದೇ ಒಂದು ತಪ್ಪಿರಲಿಲ್ಲ. ಎಪ್ಪತ್ತೆರಡು ವರ್ಷದ ಮನುಷ್ಯ ಒಂದು ಗಾಜು, ಒಂದು ಪಂಚಾಂಗ ಇಟ್ಟುಕೊಂಡು ಎಂಟು ತಿಂಗಳು ಕೂತು ತನ್ನ ಮೇಲೆ ತಾನೇ ತೀರ್ಪು ಬರೆದುಕೊಂಡಿದ್ದರು. ನನಗೆ ಹೆಮ್ಮೆಗೆ ಅಳು ಬಂತೋ ನಾಚಿಕೆಗೆ ಬಂತೋ ತಿಳಿಯಲಿಲ್ಲ.

"ನಮ್ಮದು?" ಅಮ್ಮ ತಲೆಯೆತ್ತದೆ ಕೇಳಿದಳು.

"ನಮ್ಮದೂ ಇಲ್ಲ ಕಣೇ. ವೈಶಾಖ, ಬೆಳಿಗ್ಗೆ. ಮೊದಲನೇ ಗುರುತೇ ನಮ್ಮದು."

"ಹೋಗ್ಲಿ ಬಿಡಿ. ಊಟ ಚೆನ್ನಾಗಿತ್ತು."

"ತಮಾಷೆ ಅಲ್ಲ. ನೀನೂ ಅವತ್ತು ಕಂಡಿತು ಅಂದೆ."

"ಎಲ್ಲರೂ ಅಂತಾರೆ, ನಾನೂ ಅಂದೆ" ಎಂದು ಅಮ್ಮ ಸಿಪ್ಪೆಯನ್ನು ಬುಟ್ಟಿಗೆ ಹಾಕಿದಳು.

ಅಣ್ಣ ಪುಸ್ತಕ ಎತ್ತಿಕೊಂಡು ಒಳಗೆ ಹೋದರು. ಅಮ್ಮ ಇನ್ನೊಂದು ಮಾತು ಹೇಳಲು ಬಾಯಿ ತೆಗೆದವಳು, ಅವರು ಹೋದದ್ದು ಗೊತ್ತಾಗಿ ಮತ್ತೆ ಅವರೆಕಾಳಿಗೆ ಕೈ ಹಾಕಿದಳು. ಆವತ್ತಿನ ಹಿತಕಿದ ಬೇಳೆ ಹುಳಿಯನ್ನು ಅಣ್ಣ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ; ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪಶಕುನವಿಲ್ಲ.

ಮಾಘದಲ್ಲಿ ನನ್ನ ಅಕ್ಕನ ಮಗಳು ಇಂಚರಾಗೆ ಮದುವೆ ಗೊತ್ತಾಯಿತು. ಹುಡುಗ ಸುಹಾಸ, ಹಾಸನದ ಕಡೆಯವನು, ಮಿತಭಾಷಿ. ಇಬ್ಬರಿಗೂ ರಜೆ ಸಿಕ್ಕುವುದು ವೈಶಾಖದಲ್ಲೇ, ಮುಹೂರ್ತ ಹತ್ತೂ ನಲವತ್ತಕ್ಕೆ. ನಾನು ಮಾಡಿಸಲ್ಲ ಎಂದರು ಅಣ್ಣ. ಇಂಚರಾ ಬಂದು ಅವರ ಎದುರಿಗೆ ಚಕ್ಕಂಬಕ್ಕಲ ಹಾಕಿ ಕೂತಳು.

"ತಾತ, ನೀವು ಮಾಡಿಸಲಿಲ್ಲ ಅಂದ್ರೆ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ತೀನಿ. ಅಲ್ಲಿ ಅರುಂಧತಿನೂ ಇಲ್ಲ, ಹೋಳಿಗೆನೂ ಇಲ್ಲ. ಆಮೇಲೆ ನನ್ನ ಬೈಬೇಡಿ."

"ನನ್ನ ಮಾತು ಯಾರು ನಂಬ್ತಾರೆ ಮಗು? ಬೆರಳು ಎತ್ತಿದ್ರೆ ನಗ್ತಾರೆ."

"ನಗ್ಲಿ. ನಾನು ಹುಟ್ಟಿದಾಗಿಂದ ನಿಮ್ಮ ಮಾತಲ್ಲೇ ಮದುವೆ ಆಗ್ಬೇಕು ಅಂದುಕೊಂಡಿದ್ದೀನಿ."

ಅಣ್ಣ ಹೂಂ ಎಂದರು. ಆದರೆ ಇದೇ ಕೊನೆಯದು, ಇದಾದ ಮೇಲೆ ಪುಸ್ತಕ ಕಟ್ಟಿಡುತ್ತೇನೆ ಎಂದೂ ಹೇಳಿದರು. ಆ ದಿನ ನನಗೆ ಆಗಲೇ ಕಣ್ಣಿಗೆ ಕಟ್ಟಿತು. ಛತ್ರದ ತುಂಬ ಜನ, ಎಲ್ಲರ ಕೈಯಲ್ಲೂ ಫೋನು, ಅಣ್ಣನ ಕೊನೆಯ ಮದುವೆ, ಮತ್ತೆ 'ಇಲ್ಲ' ಎಂಬ ಅದೇ ಮಾತು. ಇದನ್ನು ತಪ್ಪಿಸಲು ಜಗತ್ತಿನಲ್ಲಿ ಒಬ್ಬಳಿಂದ ಮಾತ್ರ ಸಾಧ್ಯವಿತ್ತು.

ಮದುವೆಯ ಹಿಂದಿನ ವಾರ ಪ್ರಯೋಗಾಲಯದಲ್ಲಿ ಊಟದ ಬಿಡುವಿಗೆ ಎಲ್ಲರೂ ಹೋದ ಮೇಲೆ ನಾನು ಅಣ್ಣನ ಗಾಜನ್ನು ಬಿಚ್ಚಿದೆ. ನಾನೇ ಬರೆದ ಶಾಸನದ ಕೆಳಗೆ ನಾನೇ ಒಂದು ಸಾಲು ಸೇರಿಸಿದೆ: ಉತ್ತರಕ್ಕೆ ತಿರುಗಿಸಿ, ಅಣ್ಣನ ಬೆರಳು ಹೋಗುವ ಎತ್ತರಕ್ಕೆ ಹಿಡಿದರೆ ಸಪ್ತರ್ಷಿಗಳನ್ನು ಬರೆದು ತೋರಿಸು. ಕಾರ್ತೀಕದಲ್ಲಿ ನಾವೇ ತೆಗೆದಿದ್ದ ಚಿತ್ರವನ್ನೇ ತುಂಬಿದೆ. ಸುಳ್ಳಾದರೂ ನಮ್ಮ ಸ್ವಂತ ನಕ್ಷತ್ರದ ಸುಳ್ಳು ಎಂದು ಮನಸ್ಸಿಗೆ ಹೇಳಿಕೊಂಡೆ.

ತಲೆಯೆತ್ತಿದರೆ ಬಾಗಿಲಲ್ಲಿ ನುಸ್ರತ್, ಟಿಫಿನ್ ಡಬ್ಬಿ ಹಿಡಿದು.

"ಶುಭ ಮೋಡಾ?" ಎಂದಳು.

"ಒಂದೇ ಒಂದು ಗಾಜು. ಒಂದೇ ದಿನ."

ಅವಳು ಒಳಗೆ ಬಂದಳು. "ನಮ್ಮಪ್ಪ ಆಗಿದ್ರೆ ನಾನೂ ಮಾಡ್ತಿದ್ದೆನೇನೋ. ಆದ್ರೂ ಇದು ಬೇಡಿತ್ತು ಶಾಂಭವಿ" ಎಂದು ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು. ಇಬ್ಬರೂ ಅದರಲ್ಲೇ ಊಟ ಮಾಡಿದೆವು.

ಮದುವೆ ನಂಜನಗೂಡಿನಲ್ಲೇ ಆಯಿತು. ಗಟ್ಟಿಮೇಳ, ಧಾರೆ, ತಾಳಿ, ಸಪ್ತಪದಿ. ಅಣ್ಣ ಒಂದು ಮಂತ್ರವನ್ನೂ ನುಂಗಲಿಲ್ಲ. ಆಮೇಲೆ ಎಲ್ಲರೂ ಛತ್ರದ ಮುಂದಿನ ಬಯಲಿಗೆ ಬಂದರು. ನಾನು ಗಾಜನ್ನು ಇಂಚರಾಳ ಕೈಗೆ ಕೊಟ್ಟೆ. ಜನ ಫೋನು ಎತ್ತಿ ಹಿಡಿದರು. ಹಿಂದಿನ ವರ್ಷದ ವೀಡಿಯೊ ನೋಡದವರು ಅಲ್ಲಿ ಯಾರೂ ಇರಲಿಲ್ಲ.

ಅಣ್ಣ ಉತ್ತರಕ್ಕೆ ತಿರುಗಿದರು. ಕೈ ಚಾಚಿದರು. ಆದರೆ ಬೆರಳು ಮೇಲಕ್ಕೆ ಹೋಗಲಿಲ್ಲ. ಹತ್ತು ಹನ್ನೆರಡು ಅಡಿ ದೂರದ ನೆಲಕ್ಕೆ, ತಾಂಬೂಲದ ಚೀಲಗಳನ್ನು ರಾಶಿ ಹಾಕಿದ್ದ ಜಾಗಕ್ಕೆ, ನೇರವಾಗಿ ಬೆರಳು ತೋರಿಸಿದರು.

"ಅವಳು ಈಗ ಅಲ್ಲಿದ್ದಾಳೆ" ಎಂದರು.

ಯಾರೋ ಕಿಸಕ್ಕನೆ ನಕ್ಕರು. "ಜೋಯಿಸರೇ, ಅದು ತೆಂಗಿನಕಾಯಿ" ಎಂದರು ಬೀಗರ ಕಡೆಯ ಒಬ್ಬರು. ಎಲ್ಲರೂ ನಕ್ಕರು. ಇಂಚರಾ ಗಲಿಬಿಲಿಯಾಗಿ ಗಾಜನ್ನು ನೆಲಕ್ಕೆ ಹಿಡಿದಳು, ಅಲ್ಲಿ ಏನಿರುತ್ತದೆ? ಅಭ್ಯಾಸಬಲದಿಂದ ಮೇಲಕ್ಕೆತ್ತಿದಳು. ಅವಳ ಮುಖ ಅರಳಿತು.

"ತಾತ, ಇಲ್ಲಿ ಮೇಲೇ ಇದ್ದಾಳಲ್ಲ. ಏಳೂ ಕಾಣ್ತಿವೆ. ಅರುಂಧತಿನೂ ಇದ್ದಾಳೆ."

ಜನ ಚಪ್ಪಾಳೆ ತಟ್ಟಿದರು. ಸುಹಾಸ ನೋಡಿ, ಹೌದು ಎಂದ. ಅಣ್ಣ ಗಾಜನ್ನು ಕೈಗೆ ತೆಗೆದುಕೊಂಡರು. ಇಷ್ಟು ವರ್ಷ ಅವರು ಬೆರಳು ತೋರಿಸುತ್ತಿದ್ದ ಜಾಗದಲ್ಲೇ ಏಳು ನಕ್ಷತ್ರಗಳು ನೆಟ್ಟಗೆ ಕೂತಿದ್ದವು. ಅವರ ಮುಖದಲ್ಲಿ ಒಂದು ಕ್ಷಣ ಬಂದು ಹೋದ ಸಂತೋಷವನ್ನು ನಾನು ಸಾಯುವವರೆಗೂ ಮರೆಯಲಾರೆ. ಆಮೇಲೆ ಅವರು ಹುಬ್ಬು ಗಂಟಿಕ್ಕಿ ಬೆರಳ ಗೆಣ್ಣು ಎಣಿಸಿದರು, ಮತ್ತೆ ನೋಡಿದರು, ನನ್ನ ಕಡೆ ತಿರುಗಿದರು.

"ಚಿತ್ತೆ ಹಿಡಿದು ಲೆಕ್ಕ ಹಾಕಿದ್ದೆನಲ್ಲ ಶಾಂಭವಿ. ನನ್ನ ಲೆಕ್ಕವೇ ತಪ್ಪಿತೇನೋ. ನಿನ್ನ ಗಾಜು ಬಂದ ಬೆಳಕು ಮಾತ್ರ ತೋರಿಸುತ್ತೆ, ಅಲ್ವಾ?"

ಹೌದು ಎಂದರೆ ಮುಗಿದಿತ್ತು. ಏಳುನೂರ ಎರಡು ಪೆನ್ಸಿಲ್ ಗುರುತನ್ನು ಅವರು ಆ ಸಂಜೆಯೇ ಅಳಿಸುತ್ತಿದ್ದರು. ಪುಸ್ತಕ ಕಟ್ಟಿಡುತ್ತಿರಲಿಲ್ಲ. ಅಳುತ್ತಾ ಫೋನು ಮಾಡಿದ ಆ ಹೆಣ್ಣುಮಗಳಿಗೆ ತಾವೇ ಫೋನು ಮಾಡಿ, ಇದ್ದಳಮ್ಮ ಎನ್ನುತ್ತಿದ್ದರು. ಅದಕ್ಕೆ ಬದಲಾಗಿ ಅವರು ಕೊಡಬೇಕಾಗಿದ್ದದ್ದು ಎಂಟು ತಿಂಗಳು ಮಹಡಿಯ ಬಿಸಿಲಲ್ಲಿ ಕೂತು ಹಾಕಿದ, ಒಂದೂ ತಪ್ಪಿಲ್ಲದ ಆ ಲೆಕ್ಕವನ್ನು. ನನ್ನ ಮಾತಿನ ಮೇಲೆ ಅದನ್ನೂ ಕೊಟ್ಟುಬಿಡಲು ಅವರು ತಯಾರಾಗಿ ನಿಂತಿದ್ದರು.

"ಇಲ್ಲ ಅಣ್ಣಾ. ನಿಮ್ಮ ಲೆಕ್ಕ ಸರಿಯಾಗಿದೆ. ಗಾಜು ಸುಳ್ಳು ಹೇಳ್ತಿದೆ. ನಾನೇ ಹೇಳಿಸಿದ್ದು."

ಓಲಗದವರು ಕೂಡ ಬಾಯಿಂದ ನಾಗಸ್ವರ ತೆಗೆದು ನೋಡುತ್ತಿದ್ದರು. ಯಾಕೆ ಎಂದು ಅಣ್ಣ ಕೇಳಲಿಲ್ಲ. ಕೇಳಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ. ಹತ್ತಿರ ಬಂದು ಗಾಜನ್ನು ನನ್ನ ಕೈಯಲ್ಲಿಟ್ಟು, ನನಗೆ ಮಾತ್ರ ಕೇಳುವಂತೆ ಹೇಳಿದರು:

"ಇಲ್ಲದ ಕಡೆ ಇದ್ದಾಳೆ ಅಂತ ತೋರಿಸೋದು ನನ್ನ ಕೆಲಸ ಆಗಿತ್ತು. ನೀನೂ ಅದಕ್ಕೇ ಹೊರಟೆಯಲ್ಲೇ. ಮನೆ ಬುದ್ಧಿ ಎಲ್ಲಿ ಹೋಗುತ್ತೆ."

ಆಮೇಲೆ ಜನರ ಕಡೆ ತಿರುಗಿ ದನಿ ಎತ್ತಿದರು. "ಎಲ್ಲರೂ ಕೇಳಿ. ಅರುಂಧತಿ ಈಗ ಆಕಾಶದಲ್ಲಿಲ್ಲ. ಇಷ್ಟು ವರ್ಷ ಇದ್ದಾಳೆ ಅಂತಿದ್ದೆ, ಅದು ನನ್ನ ತಪ್ಪು. ಈಗ ಅವಳು ಭೂಮಿಯ ಮರೆಯಲ್ಲಿ, ಆ ತೆಂಗಿನಕಾಯಿ ಚೀಲದ ದಿಕ್ಕಿಗೆ ಕೆಳಗಿದ್ದಾಳೆ. ಮಧ್ಯಾಹ್ನ ಮೂರು ಗಂಟೆಗೆ ಹುಟ್ತಾಳೆ. ಸಂಜೆ ಏಳೂವರೆಗೆ ಬರಿಗಣ್ಣಿಗೆ ಕಾಣ್ತಾಳೆ. ಹುಡುಗ ಹುಡುಗಿ ಅಷ್ಟು ಹೊತ್ತು ಕಾದು, ನೋಡಿ, ಆಮೇಲೆ ಕಂಡಿತು ಅನ್ನಬೇಕು. ಅಲ್ಲಿವರೆಗೆ ನನ್ನ ಮಟ್ಟಿಗೆ ಈ ಮದುವೆ ಮುಗಿದಿಲ್ಲ. ಈಗ ಊಟಕ್ಕೆ ಏಳಿ."

ಛತ್ರದ ಮ್ಯಾನೇಜರು ನಾಲ್ಕಕ್ಕೆ ಖಾಲಿ ಮಾಡಬೇಕು ಎಂದು ಬಂದರು. ಅವರದೂ ಅಣ್ಣನೇ ಮಾಡಿಸಿದ ಮದುವೆ, ಕಾರ್ತೀಕದ್ದು. ಅವರ ಹೆಂಡತಿ ಪಕ್ಕದಲ್ಲೇ ನಿಂತು, "ಮಹಡಿ ಬೀಗದ ಕೈ ಕೊಡ್ರೀ ಸುಮ್ನೆ" ಎಂದರು.

ಸಂಜೆ ಸುಮಾರು ನಲವತ್ತು ಜನ ಛತ್ರದ ಮಹಡಿಯಲ್ಲಿ ಸೇರಿದೆವು. ಬೀಗರ ಕಡೆಯ ಆ ತೆಂಗಿನಕಾಯಿ ಮಹಾಶಯರೂ ಉಳಿದಿದ್ದರು. ಅವರಿಗೆ ಬಸ್ಸು ತಪ್ಪಿತ್ತಂತೆ, ನನಗೇನೋ ನಂಬಿಕೆಯಿಲ್ಲ.

ಬೆಳಕು ಕರಗುತ್ತಾ ಬಂದಂತೆ ಉತ್ತರದಲ್ಲಿ, ಸ್ವಲ್ಪ ಪೂರ್ವಕ್ಕೆ ವಾಲಿ, ಒಂದೊಂದಾಗಿ ಏಳೂ ಮೂಡಿದವು. ಸುಹಾಸ ಬೆರಳು ತೋರಿಸಿದ. ಇಂಚರಾ ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದಳು.

"ಒಂದು ಕಾಣ್ತಿದೆ. ತಾಳಿ. ಇದೆ, ಪಕ್ಕದಲ್ಲೇ ಸಣ್ಣದು." ಅವಳ ದನಿ ಇಳಿಯಿತು. "ಕಂಡಿತು ತಾತ."

"ಕಂಡಿತು" ಎಂದ ಸುಹಾಸ. ಬೆಳಿಗ್ಗೆಯಿಂದ ಅವನು ಆಡಿದ ನಾಲ್ಕನೆಯ ಮಾತು ಅದು.

ಅಣ್ಣ ಜೋಳಿಗೆಯಿಂದ ಪುಸ್ತಕ ತೆಗೆದು, ನಾನು ಹಿಡಿದ ಫೋನಿನ ಬೆಳಕಿನಲ್ಲಿ ಇಂಚರಾಳ ಮದುವೆಯ ಎದುರಿಗೆ ಬರೆದರು: ಸಂಜೆ ಏಳು ಮೂವತ್ತೈದಕ್ಕೆ ಕಂಡಿತು. ಆಮೇಲೆ ಪುಟಗಳನ್ನು ಹಿಂದಕ್ಕೆ ಮಗುಚಿ ಮೊದಲ ಪುಟಕ್ಕೆ ಬಂದು ಬೆರಳಿಟ್ಟರು. ಮೊದಲನೇ ಪೆನ್ಸಿಲ್ ಗುರುತು.

"ಕಾತ್ಯಾಯಿನಿ, ಬಾ ಇಲ್ಲಿ."

ಅಮ್ಮ ನನ್ನ ತೋಳು ಹಿಡಿದು ಬಂದಳು. ನಾನು ಗಾಜನ್ನು ಚೀಲದಿಂದ ತೆಗೆಯಲು ಹೋದೆ; ನಾನು ಸೇರಿಸಿದ್ದ ಸಾಲನ್ನು ಮಧ್ಯಾಹ್ನವೇ ಅಳಿಸಿಹಾಕಿದ್ದೆ. ಅಮ್ಮ ನನ್ನ ಕೈ ಒತ್ತಿ ಬೇಡವೆಂದಳು. ಅಣ್ಣ ಅವಳ ಪಕ್ಕಕ್ಕೆ ಬಂದು, ಅವಳ ಭುಜದ ಮೇಲಿನಿಂದ ಕೈ ಚಾಚಿ ಆಕಾಶಕ್ಕೆ ಬೆರಳು ತೋರಿಸಿದರು.

"ಇವತ್ತು ನಿಜವಾಗ್ಲೂ ಇದ್ದಾಳೆ ಕಣೇ. ಕಂಡ್ಲಾ?"

"ಸುಳ್ಳು ಹೇಳ್ಲೋ ನಿಜ ಹೇಳ್ಲೋ?"

"ನಿಜ ಹೇಳು."

"ಆಕಾಶ ಎಲ್ಲ ಮಸಕು. ನಿಮ್ಮ ಬೆರಳು ಕಾಣ್ತಿದೆ." ಅಮ್ಮ ಅದರತ್ತಲೇ ನೋಡುತ್ತಿದ್ದಳು. "ಅವತ್ತೂ ನಾನು ನೋಡಿದ್ದು ಅದನ್ನೇ. ಅರಿಶಿನ ಹತ್ತಿಕೊಂಡು, ಹಿಂಗೇ ನಡುಗ್ತಿತ್ತು. ಪಾಪ, ನನಗಿಂತ ಹೆದರಿಕೊಂಡಿದ್ದಾರೆ, ಒಳ್ಳೆಯವರೇ ಇರಬೇಕು ಅನ್ನಿಸ್ತು. ಅದಕ್ಕೇ ಕಂಡಿತು ಅಂದೆ. ಸುಳ್ಳೇನೂ ಹೇಳಿರಲಿಲ್ಲ."

ಅಣ್ಣನ ಮುಖ ನನಗೆ ಕಾಣದಂತೆ ಅತ್ತ ತಿರುಗಿತ್ತು. ಕೈ ಮೆಲ್ಲಗೆ ಕೆಳಗೆ ಬರತೊಡಗಿತು.

"ಇಳಿಸಬೇಡೀಂದ್ರೆ" ಎಂದಳು ಅಮ್ಮ. "ಇನ್ನೂ ನೋಡ್ತಿದ್ದೀನಿ."